ಬಾಚಲೆಯ ಅರ್ಧ ಪಾಠ

ರೇವುಪಟ್ಟಣದ ದೊರೆ ಬೀರರಸನಿಗೆ ತನ್ನ ವ್ಯಾಪಾರ ವಿದ್ಯಾಶಾಲೆಯೆಂದರೆ ಎಲ್ಲಿಲ್ಲದ ಹೆಮ್ಮೆ. ಪಾರಸ, ಚೀನಾ, ಸಿಂಹಳದಿಂದ ಗುರುಗಳನ್ನು ಕರೆಸಿದ್ದ.

“ಬಣ್ಣ ಬೇರೆ, ಭಾಷೆ ಬೇರೆ, ಆದರೆ ನನ್ನ ಶಾಲೆಯಲ್ಲಿ ಗುರುಗಳೆಲ್ಲ ಸಮಾನರು!” ಎಂದು ಒಂದು ದಿನ ಸಭೆಯಲ್ಲಿ ಕೊಚ್ಚಿಕೊಂಡ.

ಅಲ್ಲಿದ್ದ ಬಾಚಲೆ ಎದ್ದು ನಿಂತಳು. ಮೆಣಸಿನ ವರ್ತಕರ ಮಗಳು, ಶಾಲೆಯ ಒಬ್ಬಳೇ ಹೆಣ್ಣು ಗುರು. “ಹಾಗಾದರೆ ಪ್ರಭು, ನನಗೆ ಮಾತ್ರ ಅರ್ಧ ಸಂಬಳ ಯಾಕೆ?”

ದೊರೆ ಪಕ್ಕಕ್ಕೆ ತಿರುಗಿ ನೋಡಿದ. ಶಾಲೆಯ ಮುಖ್ಯಸ್ಥ ಸೋವಣ್ಣ ಪಂಡಿತ ಜರಿಶಾಲು ಸರಿಪಡಿಸಿಕೊಂಡು ಹೇಳಿದ: “ಎಲ್ಲ ದೇಶದ ಗುರುಗಳನ್ನೂ ಕೇಳಿದ್ದೇನೆ ಪ್ರಭು. ಅವರಲ್ಲೂ ಹೆಣ್ಣಿಗೆ ಕಡಿಮೆಯೇ. ಅದು ಲೋಕದ ಪದ್ಧತಿ.”

“ಲೋಕವನ್ನೇ ನಾನು ಎದುರು ಹಾಕಿಕೊಳ್ಳಲೇ?” ಎಂದ ದೊರೆ. “ಹೆಣ್ಣು ಗಂಡೆಂದು ಭೇದ ಮಾಡದ ಪದ್ಧತಿ ಎಲ್ಲಿದೆಯೋ ತೋರಿಸಿ. ಅಂದೇ ಪೂರ್ತಿ ಸಂಬಳ!”

“ನಾನು ತೋರಿಸುತ್ತೇನೆ,” ಎಂದ ಮಂತ್ರಿ ತಿಪ್ಪರಸ. “ಶಾಲೆಯ ಪರೀಕ್ಷೆಯ ದಿನದವರೆಗೆ ಸಮಯ ಕೊಡಿ.”

ಸಭೆ ಮುಗಿದ ಮೇಲೆ ಆತ ಬಾಚಲೆಯ ಕಿವಿಯಲ್ಲಿ ಏನೋ ಹೇಳಿದ.

“ಅಯ್ಯೋ! ಕಲಿಯುವ ಮಕ್ಕಳಿಗೆ ಮೋಸವಲ್ಲವೇ?”

“ಉಳಿದದ್ದನ್ನು ಆಮೇಲೆ ಕಲಿಸುವಿರಂತೆ ತಾಯಿ.”

ಪರೀಕ್ಷೆ ನಡೆದದ್ದು ಪೇಟೆಯಲ್ಲೇ. ಬಾಚಲೆಯ ಶಿಷ್ಯರಲ್ಲಿ ಯುವರಾಜನೂ ಇದ್ದ. ಅವನು ಮೆಣಸಿನ ರಾಶಿಯ ಮುಂದೆ ಕೂತು ಕಾಳು ಕಚ್ಚಿ ನೋಡಿದ, ಮೂಗು ಮುರಿದ, ಎದ್ದು ಹೋಗುವಂತೆ ನಟಿಸಿದ. ಕೊನೆಗೆ ನೀರಿನ ಬೆಲೆಗೆ ರಾಶಿಯನ್ನೇ ಕೊಂಡ. ದೊರೆ ಮೀಸೆ ತಿರುವಿದ.

“ಭೇಷ್! ಈಗ ಮಾರು ಮಗನೇ.”

ಗಿರಾಕಿಯೊಬ್ಬ ಬಂದು, “ಮೆಣಸಿಗೆ ಏನು ಬೆಲೆ ಸ್ವಾಮಿ?” ಎಂದ.

ಯುವರಾಜ ಕಣ್ಣು ಕಣ್ಣು ಬಿಟ್ಟ. ಆಮೇಲೆ ಕೇಳಿದ: “ನಿನ್ನ ಕೈಚೀಲಕ್ಕೆ ಏನು ಬೆಲೆ?”

ಚೌಕಾಸಿ ಮಾಡಿ ಚೀಲ ಕೊಂಡ. ಗಿರಾಕಿಯ ರುಮಾಲು ಕೊಂಡ. ಕಾಲಿನ ಕೆರವನ್ನೂ ಕೊಂಡ. ಪೇಟೆಯೆಲ್ಲ ಗೊಳ್ಳೆಂದು ನಕ್ಕಿತು.

“ಏನಮ್ಮಾ ಇದು?” ದೊರೆ ಸಿಡಿಮಿಡಿಗೊಂಡ.

ಬಾಚಲೆ ಕೈಮುಗಿದಳು. “ಅರ್ಧ ಸಂಬಳಕ್ಕೆ ಅರ್ಧ ಪಾಠ ಪ್ರಭು. ಕೊಳ್ಳುವುದನ್ನು ಕಲಿಸಿದ್ದೇನೆ. ಮಾರುವುದು ಉಳಿದರ್ಧದಲ್ಲಿದೆ.”

“ಇದು ಯಾವ ದೇಶದ ಪದ್ಧತಿ?”

ತಿಪ್ಪರಸ ಮುಂದೆ ಬಂದ. “ತಕ್ಕಡಿಯ ಪದ್ಧತಿ ಪ್ರಭು. ಪಾರಸವಾಗಲಿ ಚೀನಾವಾಗಲಿ, ಒಂದು ತಟ್ಟೆಯಲ್ಲಿ ಇಟ್ಟಷ್ಟೇ ಇನ್ನೊಂದರಲ್ಲಿ ತೂಗುತ್ತದೆ. ತೂಗುವ ಕೈ ಹೆಣ್ಣಿನದೋ ಗಂಡಿನದೋ ಎಂದು ಕೇಳಿದ ತಕ್ಕಡಿಯನ್ನು ಯಾವ ದೇಶದ ಗುರುಗಳು ಕಂಡಿದ್ದಾರೋ ಪಂಡಿತರೇ ಹೇಳಲಿ!”

ಪರದೇಶದ ಗುರುಗಳು ತಲೆ ಕೆರೆದುಕೊಂಡರು. ಪಂಡಿತ ಮತ್ತೆ ಜರಿಶಾಲು ಸರಿಪಡಿಸಿಕೊಂಡ. ದೊರೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

“ಸೋತೆ ಮಾರಾಯ! ಪೂರ್ತಿ ಸಂಬಳ. ಇಲ್ಲಿಯವರೆಗೆ ಹಿಡಿದದ್ದೂ ಸೇರಿ.”

“ಹಾಗಾದರೆ ನಾಳೆಯಿಂದಲೇ ಮಾರುವ ಪಾಠ,” ಎಂದಳು ಬಾಚಲೆ.

“ನಾಳೆ ಬೇಡ ತಾಯಿ, ಈಗಲೇ ಶುರುಮಾಡಿ!” ದೊರೆ ಗಾಬರಿಯಿಂದ ಕೈ ತೋರಿಸಿದ. “ಅಲ್ಲಿ ನೋಡಿ, ನನ್ನ ಮಗ ಪಂಡಿತರ ಶಾಲಿಗೆ ಬೆಲೆ ಕಟ್ಟುತ್ತಿದ್ದಾನೆ!”