ಕಸಿಗೆ ಮೈಯೊಡ್ಡಿದ ಹುಳಿಮಾವು

ಶಾಲೆಯ ತೋಟದಲ್ಲಿ ಅಂದು ಒಂಬತ್ತನೇ ತರಗತಿಯವರಿಗೆ ಕಸಿ ಕಟ್ಟುವ ಪಾಠ. ಹುಳಿಮಾವಿನ ಸಸಿಯೊಂದು ಬಿಂದುಶ್ರೀ ಎಂಬ ಹುಡುಗಿಯ ಪಾಲಿಗೆ ಬಂತು. ಅವಳು ಚೂರಿ ಹಿಡಿದದ್ದೇ ತಡ, ಪಕ್ಕದ ಹಲಸಿನ ಮರ ಕೂಗಿತು: "ಮಗೂ, ಅವಳಿನ್ನೂ ಕಲಿಯುವವಳು. ಕೈ ತಪ್ಪಿದರೆ ನೀನು ಒಣಗಿಹೋಗುತ್ತೀಯೆ!"

ಸಸಿಗೂ ಭಯವಿತ್ತು. ಆದರೂ ಹೇಳಿತು: "ಅಜ್ಜಾ, ನಾವೆಲ್ಲ ಒಲ್ಲೆವೆಂದರೆ ಅವಳು ಕಲಿಯುವುದಾದರೂ ಎಲ್ಲಿ?"

ಸೀಳು ಸ್ವಲ್ಪ ಸೊಟ್ಟಗಾಯಿತು. ಹುಡುಗಿ ಎದೆಗುಂದದೆ ಸಿಹಿಯಾದ ರಸಪುರಿ ಮಾವಿನ ಕಡ್ಡಿ ಸೇರಿಸಿ ಬಿಗಿಯಾಗಿ ಕಟ್ಟಿದಳು, ದಿನವೂ ನೀರೆರೆದಳು. ಸಸಿ ನೋವು ನುಂಗಿಕೊಂಡು ಬೇರಿನ ಸತ್ವವನ್ನೆಲ್ಲ ಮೇಲಕ್ಕೆ ಕಳಿಸಿತು. ಒಂದು ಬೆಳಗ್ಗೆ ಕಡ್ಡಿಯ ತುದಿಯಲ್ಲಿ ಕೆಂಪು ಚಿಗುರೊಡೆಯಿತು.

"ಇದನ್ನು ಕಟ್ಟಿದವರು ಯಾರು?" ಎಂದು ಮೇಷ್ಟ್ರು ಕೇಳಿದರು.

"ನಾನೇ, ಸರ್!" ಎಂದಳು ಬಿಂದುಶ್ರೀ.

ಸಸಿ ಹೆಮ್ಮೆಯಿಂದ ಹಲಸಿನತ್ತ ತಿರುಗಿತು: "ಕೇಳಿದಿರಾ ಅಜ್ಜಾ? ಅವಳು ನನ್ನ ಹುಡುಗಿ!"