ಹಾಲುಕ್ಕದ ಗುಡ್ಡ

ಸಂಡೂರು ಸೀಮೆಯ ಕೆಂಪು ಬೆಟ್ಟಗಳ ಸಾಲಿನಲ್ಲಿ, ಕಣಿವಿಹಳ್ಳಿಯ ಬೆನ್ನಿಗೆ ನಿಂತಿರುವ ಗುಡ್ಡವನ್ನು ಹತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಎರಡು ಹೊಗೆಗೂಡುಗಳು, ಆಮೇಲೆ ಅವುಗಳ ಕೆಳಗಿನ ಬಂಗಲೆ. ಚೂಪು ಬುರುಜು, ಗೋಡೆಯಿಂದ ಹೊಟ್ಟೆ ಮುಂದೆ ಮಾಡಿದ ಕಿಟಕಿಗಳು, ಸೂರಿನಂಚಿಗೆ ಸೆರಗಿನ ಕುಚ್ಚಿನಂತೆ ಇಳಿಬಿಟ್ಟ ಮರದ ಕೆತ್ತನೆ. ಮಾಡು ಬಹಳ ಕಡಿದು; ಹಿಮ ಬಿದ್ದರೆ ಜಾರಿ ಹೋಗಲೆಂದು ವಿಲಾಯಿತಿಯವರು ಹಾಗೆ ಕಟ್ಟುತ್ತಾರಂತೆ. ಬಳ್ಳಾರಿ ಕಡೆ ಜಾರಬೇಕಾದದ್ದು ಬಿಸಿಲೊಂದೇ, ಅದು ಜಾರುವ ಪೈಕಿಯಲ್ಲ. ಬಂಗಲೆಯ ಹಿಂದೆ, ಹೆಂಚಿನ ಸೂರಿನ ಓಣಿಯ ಆಚೆ, ಬೇರೆಯಾಗಿ ನಿಂತಿರುವ ತಗ್ಗು ಕಟ್ಟಡ ಅಡುಗೆಮನೆ. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಈಗೀಗ ಇಲ್ಲಿಗೆ ಬರುತ್ತಾರೆ. ಗೇಟಿನ ಕಂಬದ ಮೇಲೆ ‘ಮಹಾಂತ ವಿಲ್ಲಾ’ ಎಂದು ಇಂಗ್ಲಿಷಿನಲ್ಲಿ ಕೊರೆದಿದೆ. ಆ ಹೆಸರು ಹೇಳಿ ದಾರಿ ಕೇಳಿದರೆ ಕಣಿವಿಹಳ್ಳಿಯಲ್ಲಿ ಯಾರೂ ತೋರಿಸುವುದಿಲ್ಲ. ಹಾಲುಕ್ಕದ ಗುಡ್ಡ ಎಂದು ಕೇಳಬೇಕು.

ಹಿಂದೆ, ಬಳ್ಳಾರಿ ಇನ್ನೂ ಮದರಾಸಿನ ಆಡಳಿತಕ್ಕೆ ಸೇರಿದ್ದಾಗ, ಹತ್ತಿಯ ಬೀಜ ಬಿಡಿಸುವ ಜಿನ್ನುಗಳ ಸಾಹುಕಾರ ಮಹಾಂತಪ್ಪ ಎಂಬವರಿದ್ದರು. ಅವರ ಸೊಸೆ ಶಿವಗಂಗವ್ವ ಎರಡು ಕೂಸು ಹೆತ್ತು, ಎರಡನ್ನೂ ಬಳ್ಳಾರಿಯ ಬೇಸಿಗೆಗೆ ಕಳೆದುಕೊಂಡಿದ್ದಳು. ಮೂರನೆಯ ಬಾರಿ ಬಸುರಿಯಾದಾಗ, ಹೆರಿಗೆ ಬರುವುದು ಮತ್ತೆ ಬೇಸಿಗೆಗೇ ಎಂದು ತಿಳಿದು ಮನೆಯವರ ಎದೆ ಒಡೆಯಿತು. ತವರಿಗೆ ಕಳಿಸೋಣವೆಂದರೆ ಅವಳಿಗೆ ತಾಯಿ ಇರಲಿಲ್ಲ. ಉದಕಮಂಡಲದಲ್ಲಿ ಬಿಳಿ ದೊರೆಗಳ ತಂಪುಮನೆಗಳನ್ನು ನೋಡಿಬಂದಿದ್ದ ಸಾಹುಕಾರರು, ಈ ಮೊಮ್ಮಗ ತಂಪಿನಲ್ಲೇ ಹುಟ್ಟಬೇಕು, ತಂಪಿನಲ್ಲೇ ಬದುಕಬೇಕು ಎಂದು ಹಟ ಹಿಡಿದು ಈ ಗುಡ್ಡದ ನೆತ್ತಿ ಕೊಂಡರು. ಪ್ರೀತಿ ಇರಲಿಲ್ಲವೆಂದು ಯಾರೂ ಹೇಳುವುದಿಲ್ಲ. ಅವರ ಪ್ರೀತಿಗೆ ಎಲ್ಲರ ಕಣ್ಣಿಗೂ ಬೀಳುವ ಚಟವಿತ್ತು, ಅಷ್ಟೆ. ಮದರಾಸಿನಿಂದ ಬಂದ ಓವರ್ಸಿಯರು ಒಂದು ಚಿತ್ರ ಮುಂದಿಟ್ಟುಕೊಂಡು, ಚಿತ್ರದಲ್ಲಿ ಏನೇನಿತ್ತೋ ಅದನ್ನೆಲ್ಲ ಅವಸರದಲ್ಲಿ ಎಬ್ಬಿಸಿದ. ದೊಡ್ಡ ಹಜಾರದ ಗೋಡೆಯೊಳಗೆ ಬೆಂಕಿಗೂಡು, ಅದರ ಸುತ್ತ ಹಡಗಿನಲ್ಲಿ ತರಿಸಿದ ಹೂಬಳ್ಳಿಯ ಪಿಂಗಾಣಿ ಬಿಲ್ಲೆಗಳು. ಒಗ್ಗರಣೆಯ ಘಾಟು ದೊರೆಗಳಿಗೆ ಆಗದೆಂದು ಚಿತ್ರದಲ್ಲಿ ಅಡುಗೆಮನೆ ದೂರವಿತ್ತು, ಇಲ್ಲೂ ದೂರವಾಯಿತು. ಸಾಹುಕಾರರ ಮನೆಯಲ್ಲಿ ಒಗ್ಗರಣೆ ಬೇಡವೆಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಗೃಹಪ್ರವೇಶದ ದಿನ ತಕರಾರು ಎದ್ದದ್ದು ಇಲ್ಲಿಯೇ. ಹೊಸ ಮನೆಯ ಒಲೆಯ ಮೇಲೆ ಹಾಲು ಕಾಯಿಸಿ ಉಕ್ಕಿಸಬೇಕು. ಒಲೆಯೋ ಬಂಗಲೆಯ ಹೊರಗಿತ್ತು. ಸಾಹುಕಾರರ ಹೆಂಡತಿ ಚೆನ್ನಬಸವ್ವನವರು ಹಜಾರದ ಬೆಂಕಿಗೂಡಿನಲ್ಲೇ ಮೂರು ಕಲ್ಲು ಹೂಡಿ ಹಾಲು ಇಡೋಣ ಎಂದರು. ಬಿಲ್ಲೆಗಳಿಗೆ ಮಸಿ ಹಿಡಿಯುತ್ತದೆ, ಹಾಲಿನ ಕಲೆ ಕೂರುತ್ತದೆ ಎಂದು ಸಾಹುಕಾರರು ಒಪ್ಪಲಿಲ್ಲ. ಕೊನೆಗೆ ಅಡುಗೆಮನೆಯಲ್ಲೇ ಹಾಲು ಇಟ್ಟರು. ಉಕ್ಕಿತು, ಚೆನ್ನಾಗಿಯೇ ಉಕ್ಕಿತು. ಬಂದವರೆಲ್ಲ ಬಂಗಲೆಯಲ್ಲಿ ಕೂತು ಉಂಡರು. ಕೈ ತೊಳೆಯುವಾಗ ಚೆನ್ನಬಸವ್ವನವರು ಗಂಡನಿಗೆ ಮೆಲ್ಲಗೆ ಹೇಳಿದರಂತೆ, “ಹಾಲು ಉಕ್ಕಿದಲ್ಲೇ ಮನಿ. ನೀವು ಮನಿ ಮಾಡಿಕೊಂಡದ್ದು ಅಡಗಿಮನಿನ್ನ. ಇದು ಇನ್ನೂ ಬರೇ ಕಟ್ಟಡ.”

“ಕಂಪೌಂಡ್ ಒಂದೇ ಐತಲ್ಲ,” ಎಂದರು ಸಾಹುಕಾರರು.

“ಹಾಲಿಗೆ ನಿಮ್ಮ ಕಂಪೌಂಡು ಗೊತ್ತಿಲ್ರಿ.”

ಕೂಸು ಹುಟ್ಟಿತು, ಗಂಡು. ಅದರ ತಂದೆ ಜಿನ್ನು ನೋಡಿಕೊಳ್ಳುತ್ತ ಬಳ್ಳಾರಿಯಲ್ಲೇ ಇದ್ದ. ಮಳೆ ಹಿಡಿದ ಮೇಲೆ, ಬುರುಜಿನ ಕೆಳಗಿನ ಕೋಣೆ ಬಾಣಂತಿಗೆ ತೀರಾ ತಣ್ಣಗಿದೆಯೆಂದು ತಾಯಿಯನ್ನೂ ಮಗುವನ್ನೂ ಹಜಾರಕ್ಕೆ ತಂದು, ಬೆಂಕಿಗೂಡಿನಲ್ಲಿ ಸೌದೆ ಹೊತ್ತಿಸಿದರು. ಹೊಗೆ ಮೇಲೆ ಹೋಗಲಿಲ್ಲ. ಗೂಡಿನಿಂದ ಇಳಿದು, ನೆಲ ಹಿಡಿದು, ತೊಟ್ಟಿಲಿನ ಕೆಳಗೆ ಹೋಗಿ ನಿಂತಿತು ಎನ್ನುತ್ತಾರೆ. ಬಿಲ್ಲೆಗಳು ಕಪ್ಪಾಗತೊಡಗಿದ್ದು ಕಂಡು ಸಾಹುಕಾರರು ಸೌದೆ ತೆಗೆಸಿ ಇದ್ದಲಿ ಹಾಕಿಸಿದರು. ಹೊಗೆ ನಿಂತಿತು. ಕಿಟಕಿಗಳನ್ನು ಭದ್ರವಾಗಿ ಮುಚ್ಚಿಸಿದರು. ಹಜಾರ ಬೆಚ್ಚಗೆ, ಸದ್ದಿಲ್ಲದೆ ಕೆಂಪಗಿತ್ತು. ಅಂದಿನಿಂದ ಮಗು ಅಳುವುದನ್ನು ಬಿಟ್ಟಿತು. ಒಳ್ಳೆಯ ಕೂಸು, ಸಾಧು ಕೂಸು ಎಂದು ಬಂದವರು ಹೊಗಳಿದರು. ಶಿವಗಂಗವ್ವ ಮಾತ್ರ ಅದರ ಮುಖ ನೋಡುತ್ತಿದ್ದಳು. ಅಳದ ಕೂಸು ಹೇಗಿರುತ್ತದೆಂದು ಆ ಮನೆಯಲ್ಲಿ ಅವಳಿಗಿಂತ ಬಲ್ಲವರು ಇರಲಿಲ್ಲ. ನೀರು ಎರೆಯಲೆಂದು ಅಡುಗೆಮನೆಗೆ ಒಯ್ದಾಗ ಅದು ಕೈಕಾಲು ಬಡಿಯುತ್ತಿತ್ತು, ಮೊಲೆ ಕಚ್ಚಿ ಎಳೆಯುತ್ತಿತ್ತು. ಹಜಾರಕ್ಕೆ ತಂದರೆ ಮತ್ತೆ ಬಾಡುತ್ತಿತ್ತು. ಅವಳಿಗೂ ಅಲ್ಲಿ ತಲೆ ಸಿಡಿಯುತ್ತಿತ್ತು, ದೀಪ ಕಣ್ಣೆದುರಿಗೇ ಸಣ್ಣಗಾದಂತೆ ಕಾಣುತ್ತಿತ್ತು. ಥಂಡಿ ಬಡಿದಿದೆ ಎಂದು ಸಾಹುಕಾರರು ಇನ್ನಷ್ಟು ಇದ್ದಲಿ ಸುರಿಸಿದರು.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗುವಿನ ಕುತ್ತಿಗೆ ಜೋತುಬಿತ್ತು. ಶಿವಗಂಗವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂಬಾಗಿಲಿಗೆ ನಡೆದಳು. ಸಾಹುಕಾರರು ಅಡ್ಡ ನಿಂತರು. ಅವನಿಗಾಗಿಯೇ ಕಟ್ಟಿದ ಅರಮನೆ ಇರುವಾಗ ತಮ್ಮ ಮೊಮ್ಮಗ ಆಳುಗಳ ಹೊಗೆಯಲ್ಲಿ ಬೆಳೆಯಬೇಕೇ ಎಂದು ಕೇಳಿದರು. ಆ ಕಾಲದ ಸೊಸೆಯರು ಮಾವನಿಗೆ ಎದುರು ಮಾತಾಡುತ್ತಿರಲಿಲ್ಲ. ಅವಳೂ ಆಡಲಿಲ್ಲ, ಅತ್ತೆಯ ಕಡೆ ತಿರುಗಿದಳು.

“ಅತ್ತಿ, ಮಾವನವರಿಗೆ ಹೇಳ್ರಿ. ಎರಡು ಕೂಸು ಅವರ ಮನಿಗೆ ಕೊಟ್ಟೀನಿ. ಇದನ್ನ ಕೊಡಂಗಿಲ್ಲ.”

ಅಲ್ಲೇ ನಿಂತಿದ್ದ ತಮ್ಮ ಗಂಡನಿಗೆ ಚೆನ್ನಬಸವ್ವನವರು ಆ ಮಾತನ್ನು ಒಂದಕ್ಷರ ಬಿಡದೆ ಮತ್ತೆ ಹೇಳಿದರಂತೆ. ಹೇಳಿ, ಚಾಪೆ ಕೌದಿ ಎತ್ತಿಕೊಂಡು ಸೊಸೆಯ ಹಿಂದೆ ತಾವೂ ನಡೆದರು. ಅಡುಗೆಮನೆಯ ಗಾಳಿಗೆ ಮಗು ಸೀನಿತು, ಆಮೇಲೆ ಗುಡ್ಡದ ಕೆಳಗಿನವರಿಗೂ ಕೇಳುವಂತೆ ಅತ್ತಿತು.

ಸಾಹುಕಾರರು ಹಟ ಬಿಡಲಿಲ್ಲ. ಕೂಸನ್ನು ಮುಂಬಾಗಿಲಿನಿಂದ ಒಳಗೆ ತರುವವರೆಗೆ ತಾವು ಬಂಗಲೆಯಿಂದ ಹೊರಬರುವುದಿಲ್ಲ ಎಂದರು. ಹೆಂಡತಿ ಹೊತ್ತುಹೊತ್ತಿಗೆ ತಾಟು ಒಯ್ದು ಮೇಜಿನ ಮೇಲಿಟ್ಟು ಬರುತ್ತಿದ್ದರು, ಕಿಟಕಿ ತೆರೆಯಿರೆಂದು ಬೇಡುತ್ತಿದ್ದರು; ಇವರು ಮೊಮ್ಮಗ ಬಂದರೆ ಥಂಡಿಯಾದೀತೆಂದು ತೆರೆಯಗೊಡುತ್ತಿರಲಿಲ್ಲ. ಇದ್ದಲಿ ಉರಿಯುತ್ತಲೇ ಇತ್ತು. ಒಂದು ಬೆಳಿಗ್ಗೆ ತಾಟು ಹಿಡಿದು ಹೋದಾಗ ಅವರು ಬೆಂಕಿಗೂಡಿನ ಮುಂದೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಕೆನ್ನೆ ಕೆಂಪಗಿತ್ತು, ಎಂದೂ ಇಲ್ಲದಷ್ಟು ಆರೋಗ್ಯವಂತರಂತೆ ಕಾಣುತ್ತಿದ್ದರು. ಹೆಂಡತಿ ಮಾತಾಡಿಸಿ, ಉತ್ತರಕ್ಕೆ ಕಾದು, ಆಮೇಲೆ ಮುಟ್ಟಿ ನೋಡಿದರು.

ಕಲಿತವರು ಇದಕ್ಕೆ ಕಾರಣ ಹೇಳುತ್ತಾರೆ. ಚಿತ್ರದಲ್ಲಿ ಹೊಗೆಗೂಡು ಎರಡಿದ್ದವೆಂದು ಓವರ್ಸಿಯರು ಎರಡು ಎಬ್ಬಿಸಿದ, ಹಜಾರದ್ದು ಒಳಗೆ ತೂತೇ ಇಲ್ಲದ ಗಟ್ಟಿ ಇಟ್ಟಿಗೆ. ಇದ್ದಲಿಯ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿಜವೇ ಇರಬೇಕು, ಏಣಿ ಹಾಕಿ ನೋಡಿದವರಿದ್ದಾರೆ. ಕಣಿವಿಹಳ್ಳಿಯವರು ಅದನ್ನು ಅಲ್ಲಗಳೆಯುವುದಿಲ್ಲ. ಹಾಲು ಉಕ್ಕದ ಕಟ್ಟಡ ತನಗೊಬ್ಬರು ಬೇಕೆಂದು ಕಾಯುತ್ತದೆ, ಮಗು ಸಿಗದಿದ್ದಾಗ ಮುದುಕನನ್ನು ಇಟ್ಟುಕೊಂಡಿತು ಎಂದಷ್ಟೇ ಸೇರಿಸುತ್ತಾರೆ. ಎರಡು ವಿವರಣೆಗಳಲ್ಲಿ ಯಾವುದು ಹೆಚ್ಚು ಭಯದ್ದೆಂದು ನಿರ್ಧರಿಸುವುದು ಸುಲಭವಲ್ಲ.

ಆ ಮಗು ಬದುಕಿ ಬಾಳಿತು. ಅದರ ಸಂತಾನದವರು ಇಂದಿಗೂ ಬೇಸಿಗೆಗೆ ಬರುತ್ತಾರೆ, ಅಡುಗೆಮನೆಯಲ್ಲೇ ಬೇಯಿಸಿ ಅಲ್ಲೇ ಸಾಲಾಗಿ ಮಲಗುತ್ತಾರೆ. ಗುಡ್ಡಕ್ಕೆ ಹೋದವರು ಎರಡೂ ಬಾಗಿಲುಗಳ ಹೊಸ್ತಿಲನ್ನು ಬಗ್ಗಿ ನೋಡಬೇಕು. ಅಡುಗೆಮನೆಯದು ಕಾಲು ತಾಗಿ ತಾಗಿ ನಡುವೆ ಬಟ್ಟಲಿನಂತೆ ಸವೆದಿದೆ. ಮಳೆ ಬಂದರೆ ಅದರಲ್ಲಿ ನೀರು ನಿಂತು ಗುಬ್ಬಿಗಳು ಕುಡಿಯುತ್ತವೆ. ಬಂಗಲೆಯ ಮುಂಬಾಗಿಲಿನ ಹೊಸ್ತಿಲೂ ಅದೇ ಗುಡ್ಡದ ಅದೇ ಕಲ್ಲು. ಅದರ ಮೇಲೆ ಕಲ್ಲುಕುಟಿಗನ ಉಳಿಯ ಗೆರೆಗಳು ಇನ್ನೂ ಚೂಪಾಗಿವೆ, ಬೆರಳಾಡಿಸಿದರೆ ತರಚುತ್ತವೆ.