ಓಗೊಡದ ದಿಬ್ಬ

ಸಿರಿವೊಳಲಿನ ಮೂಡಣಕ್ಕೆ, ಜೋಳದ ಹೊಲಗಳ ನಡುವೆ ಎದ್ದು ನಿಂತಿರುವ ಮಣ್ಣುದಿಬ್ಬದ ಮೇಲೆ ಈಗ ಉಳಿದಿರುವುದು ಮುರಿದ ಕಂಬಗಳು, ಬೆಳೆದ ಸೀತಾಫಲದ ಪೊದೆಗಳು. ಸರ್ಕಾರದ ಫಲಕದಲ್ಲಿ ಅದು ಪ್ರಾಚೀನ ವಿದ್ಯಾಕೇಂದ್ರ. ಊರವರ ಬಾಯಲ್ಲಿ ಮಾತ್ರ ಓಗೊಡದ ದಿಬ್ಬ.

ಹಿಂದೆ ಒಮ್ಮೆ ಅಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು, ದೂರದೇಶದ ವಿದ್ಯಾರ್ಥಿಗಳು ತರ್ಕ, ವ್ಯಾಕರಣ, ವೈದ್ಯ ಕಲಿಯಲು ಬರುತ್ತಿದ್ದರು ಎನ್ನುತ್ತಾರೆ. ಅವರೆಲ್ಲರ ಹೊಟ್ಟೆ ತುಂಬುತ್ತಿದ್ದುದು ಊರಿನ ಭಿಕ್ಷೆಯಿಂದ. ಅವರಲ್ಲೊಬ್ಬ, ತಾಯಿಯಿಲ್ಲದ ಕೇತರಾಶಿ, ಮಾಳವ್ವೆಯೆಂಬ ಗಾಣಗಿತ್ತಿಯ ಅನ್ನ ಉಂಡೇ ಬೆಳೆದು, ಅಲ್ಲಿಯೇ ವೈದ್ಯದ ಆಚಾರ್ಯನಾದ. ಅವನು ಬಾಗಿಲಲ್ಲಿ ನಿಂತರೆ ಸಾಕು, ಅವಳು ಗಾಣ ಬಿಟ್ಟು ಎದ್ದು ಬರುತ್ತಿದ್ದಳು.

ಒಂದು ವರ್ಷ ಊರಿಗೆ ವಿಷಜ್ವರ ಬಂತು. ಹಿರಿಯ ಗುರುಗಳು ಘಟಿಕೆಯ ಹೆಬ್ಬಾಗಿಲು ಹಾಕಿಸಿದರು. ಮೂರನೆಯ ದಿನ ಮಾಳವ್ವೆ ಮಗಳನ್ನು ಹೊತ್ತು ದಿಬ್ಬವೇರಿದಳು. "ಕೇತಾ, ನಾನು ಕಣೋ, ಮಾಳವ್ವೆ. ಮಗಳ ಮೈ ಕೆಂಡವಾಗಿದೆ. ಕದ ತೆಗೆಯಬೇಡ, ಮದ್ದನ್ನಾದರೂ ಗೋಡೆಯಾಚೆ ಎಸೆಯೋ!" ಕೇತರಾಶಿಯ ಕೈ ಅಗುಳಿಯ ಮೇಲಿತ್ತು. "ಇಷ್ಟು ಮಕ್ಕಳ ಪ್ರಾಣ ನಮ್ಮ ಮೇಲಿದೆ. ಉಲಿಯಬೇಡ, ಒಬ್ಬರಿಗೆ ಓಗೊಟ್ಟರೆ ಊರೇ ಬಂದೀತು" ಎಂದರು ಗುರುಗಳು. ಅವನು ಕೈ ಹಿಂದೆಗೆದುಕೊಂಡ. ಹೊರಗಿನ ಕೂಗು ಹೊತ್ತು ಮುಳುಗುವವರೆಗೆ ಕೇಳಿಸಿ, ಆಮೇಲೆ ನಿಂತಿತು.

ಜ್ವರ ಇಳಿದ ಮೇಲೆ ಭಿಕ್ಷಾಪಾತ್ರೆ ಹಿಡಿದು ಹೋದ ವಿದ್ಯಾರ್ಥಿಗಳಿಗೆ ಯಾರೂ ಬೈಯಲಿಲ್ಲ. ಯಾರೂ ಬಾಗಿಲಿಗೂ ಬರಲಿಲ್ಲ. ಮಾಳವ್ವೆ ಒಬ್ಬಳೇ ಬಂದು, ಅವರೊಡನೆ ಹೋಗಿದ್ದ ಕೇತರಾಶಿಯ ಪಾತ್ರೆಗೆ ಅನ್ನ ಬಡಿಸಿದಳು. ಅವಳ ಬೆನ್ನ ಹಿಂದೆ, ಮನೆಯೊಳಗೆ, ಮಗಳು ಕಾಣಲಿಲ್ಲ.

"ತಪ್ಪಾಯಿತವ್ವಾ."

"ಕದ ತೆಗೆಯದಿದ್ದದ್ದು ಹೆದರಿಕೆಗೆ, ಅದು ನನಗೆ ತಿಳಿಯುತ್ತದೆ. ಒಂದು ಸಲ ಓ ಅನ್ನಬಾರದಿತ್ತೇನೋ? ಓ, ಆಗದವ್ವಾ ಅಂದಿದ್ದರೆ ಮಗಳನ್ನು ಮನೆಗಾದರೂ ಕರೆದೊಯ್ಯುತ್ತಿದ್ದೆ. ನೀನು ಬಂದೇ ಬರುತ್ತೀಯೆಂದು ಕಾದು ಕೂತೆ. ಬಾಗಿಲ ಕಲ್ಲಿನ ಮೇಲೆಯೇ ಮಗಳು ಜೀವ ಬಿಟ್ಟಳು."



ಉಣ್ಣಲು ಗತಿಯಿಲ್ಲದೆ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಊರು ಬಿಟ್ಟರು, ಗುರುಗಳೂ ಹೋದರು. ಕೇತರಾಶಿ ಹೋಗಲಿಲ್ಲ. ಹೆಬ್ಬಾಗಿಲ ಹೊರಗೆ ಕಲ್ಲುಜಗಲಿ ಕಟ್ಟಿಕೊಂಡು, ಮದ್ದು ಅರೆಯುತ್ತ ಅಲ್ಲೇ ಉಳಿದ. ತಪ್ಪಿಹೋದ ಕರುವನ್ನು ಯಾರಾದರೂ ಕೂಗಿದರೂ ಮೇಲಿನಿಂದ 'ಓ' ಎನ್ನುತ್ತಿದ್ದನಂತೆ. ಕಾಯಿಲೆಯವರು ಮೆಲ್ಲಗೆ ಮತ್ತೆ ದಿಬ್ಬ ಹತ್ತಿದರು, ಮಾಳವ್ವೆ ಹತ್ತಲಿಲ್ಲ. ಅವನು ಎಷ್ಟು ಓಗೊಟ್ಟರೂ ಊರವರು ಇಟ್ಟ ಹೆಸರು ಬದಲಾಗಲಿಲ್ಲ.

ಹೋದವರಿಗೆ ಆ ಜಗಲಿ ಇಂದಿಗೂ ಕಾಣುತ್ತದೆ. ಪಾಠಶಾಲೆಗೆ ಬೆನ್ನು ಮಾಡಿ, ಊರ ದಾರಿಗೆ ಮುಖ ಮಾಡಿ ಇದೆ. ಒಬ್ಬರು ಕೂರುವಷ್ಟು ಜಾಗದಲ್ಲಿ ಮಾತ್ರ ಕಲ್ಲು ಸವೆದು ಹಳ್ಳವಾಗಿದೆ.